ಎಣಿಸಬಾರದ ಮರಗಳು

ನಾನು ಕಾಡಿನ ಮಕ್ಕಳನ್ನು ತಿಂದವಳು. ಹಾಗಂತ ಕಾಗದದಲ್ಲಿ ಬರೆದಿದೆ. ಕಾಗದದ ಮೇಲೆ ಹಸಿರು ಎಲೆಯ ಗುರುತಿದೆ, ಕೆಳಗೆ ಮೊಹರಿದೆ, ಮೂವರ ಸಹಿ ಇದೆ. ಮೂವರಲ್ಲಿ ಇಬ್ಬರು ನಮ್ಮ ಹೊಳೆಯ ನೀರನ್ನೇ ಕಂಡವರಲ್ಲ.

ನನ್ನ ಹೆಸರು ಎರೊಂದಿನಾ. ಆಕ್ರಿ ಪ್ರಾಂತದ ಕಾಡಿನಲ್ಲಿ, ದೋಣಿ ಇಳಿದು ಎರಡು ಗಂಟೆ ನಡೆದರೆ ನಮ್ಮ ಜಾಗ. ಅದರ ಹೆಸರು ಬೋಂ ಫುತೂರು, ಅಂದರೆ ಒಳ್ಳೆಯ ಭವಿಷ್ಯ. ಆ ಹೆಸರಿಟ್ಟವನು ನನ್ನ ಗಂಡನ ಅಜ್ಜ. ಇಟ್ಟ ವರ್ಷವೇ ಮಲೇರಿಯಾದಲ್ಲಿ ಸತ್ತ. ಈಗ ಅಲ್ಲಿ ಏಳು ಮನೆಗಳಿವೆ. ಏಳೂ ಮನೆಗಳ ಹೊಟ್ಟೆ ನಡೆಯುವುದು ಕಸ್ತಾನ್ಯ ಮರಗಳಿಂದ.

ಡಿಸೆಂಬರಿನಿಂದ ಮಾರ್ಚಿನವರೆಗೆ ಮಳೆಯ ಜೊತೆ ಕಾಯಿ ಉದುರುತ್ತದೆ. ಕಾಯಿ ಅಂದರೆ ಮಗುವಿನ ತಲೆಯಷ್ಟಿನ ಮರದ ಉಂಡೆ. ಒಳಗೆ ಹದಿನೈದೋ ಇಪ್ಪತ್ತೋ ಬೀಜ. ಐವತ್ತು ಮೀಟರ್ ಮೇಲಿನಿಂದ ಬೀಳುವ ಅಂಥ ಒಂದು ಕಾಯಿ ನನ್ನ ಗಂಡ ದೆಓದಾತುವಿನ ಬಲಭುಜವನ್ನು ಪುಡಿ ಮಾಡಿತು. ತಲೆಗೆ ಬೀಳಲಿಲ್ಲವಲ್ಲ ಎಂದು ಪಾದ್ರಿ ದೇವರಿಗೆ ಕೃತಜ್ಞತೆ ಹೇಳಿದರು. ಅಂದಿನಿಂದ ಹೊರುವವಳು ನಾನು. ತುದಿ ಸೀಳಿದ ಕೋಲಿನಿಂದ ಕಾಯಿಯನ್ನು ಕಚ್ಚಿ ಹಿಡಿದು ಬೆನ್ನ ಬುಟ್ಟಿಗೆ ಹಿಂದಕ್ಕೆ ಎಸೆಯಬೇಕು. ಬಗ್ಗಿ ಕೈ ಹಾಕಿದರೆ ಎಲೆಯಡಿ ಹಾವಿರುತ್ತದೆ. ಗುಡ್ಡೆ ಹಾಕಿ, ಕೂತು, ಒಂದೊಂದನ್ನೂ ಮಚ್ಚಿನಿಂದ ಒಡೆಯಬೇಕು. ನನ್ನ ಎಡಗೈ ತೋರುಬೆರಳಿನ ಅರ್ಧ ಅಲ್ಲೇ ಎಲ್ಲೋ ಬಿದ್ದಿದೆ. ಒಡೆದ ಬೀಜವನ್ನು ಮೂಟೆ ಕಟ್ಟಿ, ಪಟ್ಟಿಯನ್ನು ಹಣೆಗೆ ಕೊಟ್ಟು, ಮೊಣಕಾಲುದ್ದ ಕೆಸರಿನಲ್ಲಿ ದೋಣಿಯವರೆಗೆ. ನನ್ನ ಹಣೆಯಲ್ಲಿ ಆ ಪಟ್ಟಿಯ ಗುಂಡಿ ಇದೆ. ಸ್ನಾನ ಮಾಡಿದರೆ ಅದರಲ್ಲಿ ನೀರು ನಿಲ್ಲುತ್ತದೆ.

ನಾವು ಪುಣ್ಯವಂತರು ಅಂತ ಹೇಳುತ್ತಿಲ್ಲ. ಬಿದ್ದದ್ದರಲ್ಲಿ ಸಿಕ್ಕಿದ್ದನ್ನೆಲ್ಲ ಆರಿಸುತ್ತೇವೆ. ಕಸ್ತಾನ್ಯವನ್ನು ಹಲ್ಲಿನಿಂದ ಒಡೆದು ನೆಲದಲ್ಲಿ ಹೂತಿಡುವ ಪ್ರಾಣಿ ಒಂದಿದೆ, ಕುತಿಯಾ. ಮೊಲದಷ್ಟು ದೊಡ್ಡ ಇಲಿ ಅನ್ನಿ. ಹೂತದ್ದರಲ್ಲಿ ಅರ್ಧ ಅದಕ್ಕೆ ಮರೆತುಹೋಗುತ್ತದೆ. ಮರೆತದ್ದು ಮರವಾಗುತ್ತದೆ. ಆ ಕುತಿಯಾವನ್ನೂ ನಾವು ಹಿಡಿದು, ಕಸ್ತಾನ್ಯದ ಹಾಲಿನಲ್ಲೇ ಬೇಯಿಸಿ ತಿನ್ನುತ್ತೇವೆ. ರುಚಿಯಾಗಿರುತ್ತದೆ.

ಎರಡು ವರ್ಷದ ಹಿಂದೆ ನಗರದಿಂದ ಒಂದು ಯೋಜನೆ ಬಂತು. ಯೋಜನೆ ಅಂದರೆ ಇಬ್ಬರು. ಒಬ್ಬಳು ದೊತೋರಾ ಲೀಜಿಯಾ. ನಮ್ಮಲ್ಲಿ ಓದಿದವರೆಲ್ಲ ಡಾಕ್ಟರೇ, ಗಂಡಸಾದರೆ ದೊತೋರ್, ಹೆಂಗಸಾದರೆ ದೊತೋರಾ. ಉಳಿದವರಿಗೆ ಮರ್ಯಾದೆಯ ಮಾತು, ಗಂಡಸಿಗೆ ಸೇವು, ಹೆಂಗಸಿಗೆ ದೋನಾ. ಇವಳು ಜ್ವರಕ್ಕೆ ಮಾತ್ರೆ ಕೊಡುವವಳಲ್ಲ, ಮರಗಳ ದೊತೋರಾ. ಇನ್ನೊಬ್ಬ ಫಾಬ್ರೀಸಿಯು, ಯೋಜನೆಯ ಮೇಲ್ವಿಚಾರಕ. ಅವನ ಬೂಟು ಎಷ್ಟು ಹೊಸದೆಂದರೆ ಕೆಸರು ಕಂಡಲ್ಲೆಲ್ಲ ನಿಂತು ಯೋಚನೆ ಮಾಡುತ್ತಿದ್ದ.

ನನ್ನನ್ನು ಕೂಲಿಗೆ ಹಿಡಿದರು. ದಾರಿ ಕಡಿಯುವುದು, ಪೆಟ್ಟಿಗೆ ಹೊರುವುದು, ಅಡುಗೆ ಮಾಡುವುದು. ದೊತೋರಾ ಕಾಡಿನಲ್ಲಿ ನೇರ ಗೆರೆ ಎಳೆಯುತ್ತಾಳೆ, ಆ ಗೆರೆಯ ಮೇಲೆ ಸಿಗುವ ಕಸ್ತಾನ್ಯ ಮರಗಳನ್ನು ಟೇಪು ಹಿಡಿದು ಅಳೆಯುತ್ತಾಳೆ. ಕಾಡಿನಲ್ಲಿ ಯಾವ ಪ್ರಾಣಿಯೂ ನೇರ ನಡೆಯುವುದಿಲ್ಲ. ನಾವು ನಡೆದೆವು. ಹನ್ನೊಂದು ದಿನ. ಸಿಕ್ಕ ಮರಗಳಲ್ಲಿ ಹೆಚ್ಚಿನವು ಮೂವರು ಕೈ ಹಿಡಿದು ತಬ್ಬಿದರೂ ಸಾಲದಂಥ ಮುದುಕಿಯರು. ಅಂಥವರ ನೆರಳಿನಲ್ಲಿ ಏನು ಹುಟ್ಟುತ್ತದೆ? ಬಿಸಿಲೇ ನೆಲ ಮುಟ್ಟುವುದಿಲ್ಲ.

ಹನ್ನೊಂದನೆಯ ದಿನ ಗೆರೆ ನಮ್ಮ ಮನೆಯ ಹಿಂದಿನ ಬೀಳಿಗೆ ಬಂದು ತಾಗಿತು. ನಾವು ಕಾಡನ್ನು ಒಂದಿಷ್ಟು ಕಡಿದು, ಸುಟ್ಟು, ಮೂರು ವರ್ಷ ಮರಗೆಣಸು ಹಾಕಿ, ಆಮೇಲೆ ಹತ್ತು ಹನ್ನೆರಡು ವರ್ಷ ಆ ಜಾಗವನ್ನು ಸುಮ್ಮನೆ ಬಿಡುತ್ತೇವೆ. ಬಿಟ್ಟ ಜಾಗ ಪೊದೆ, ಬಳ್ಳಿ, ಮುಳ್ಳಾಗಿ ಒತ್ತಿಕೊಳ್ಳುತ್ತದೆ. ಚಿರತೆಗೆ ಹೆದರುವ ಕುತಿಯಾ ಬೀಜ ಕಚ್ಚಿಕೊಂಡು ಅಲ್ಲಿಗೇ ಓಡಿಬರುತ್ತದೆ. ಅಲ್ಲಿ ಬಿಸಿಲೂ ಇರುತ್ತದೆ.

ದೊತೋರಾ ನಿಂತಳು. ಪುಸ್ತಕ ತೆರೆದು ನೋಡಿದಳು.

"ಇದು ಕಾಡಲ್ಲ ಅಲ್ವಾ, ದೋನಾ ಎರೊಂದಿನಾ?"

"ಹಳೇ ಹೊಲ, ದೊತೋರಾ."

"ಹಾಗಾದ್ರೆ ಇದು ನಮ್ಮ ಲೆಕ್ಕಕ್ಕೆ ಬರಲ್ಲ. ಬಿಡೋಣ."

ಬಿಟ್ಟಳು. ನನ್ನ ಎದೆ ಹಗುರಾಯಿತು. ಯಾಕೆ ಹಗುರಾಯಿತು ಅಂತ ಹೇಳಿದರೆ ನೀವು ನನ್ನನ್ನು ಪೆದ್ದಿ ಅನ್ನುತ್ತೀರಿ. ಅನ್ನಿ.

ಆ ಬೀಳಿನಲ್ಲಿ ಎಳೆಯ ಕಸ್ತಾನ್ಯಗಳಿದ್ದವು. ಬೇಕಾದಷ್ಟು. ನನ್ನ ಸೊಂಟದೆತ್ತರದವು, ಮನೆಯೆತ್ತರದವು. ಸುಟ್ಟರೂ ಬುಡದಿಂದ ಚಿಗುರುವ ಹಟಮಾರಿಗಳು. ಕಳೆ ಕೀಳುವಾಗ ಅವು ಬಂದಲ್ಲಿ ನಮ್ಮ ಮಚ್ಚು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಅವುಗಳಿಗೆ ಸುತ್ತಿದ ಬಳ್ಳಿಯನ್ನು ಮಾತ್ರ ಕಡಿಯುತ್ತದೆ. ಆದರೆ ಬಾಯಿ ಬಿಡುವುದಿಲ್ಲ. ಮೊದಲ ಕಾಯಿ ಬೀಳುವ ತನಕ ಮರಕ್ಕೆ ಹೆಸರಿಲ್ಲ. ಅದನ್ನು ಬೆರಳು ಮಾಡಿ ತೋರಿಸಬಾರದು, ಎಣಿಸಬಾರದು, ಇದೆ ಅನ್ನಲೂಬಾರದು. ಅಂದರೆ ಸಿಡಿಲು ಅದನ್ನು ಹುಡುಕಿಕೊಂಡು ಬರುತ್ತದೆ. ನನ್ನಪ್ಪ ಒಂದು ಸಲ ಕುಡಿದು ಎಣಿಸಿದ್ದನಂತೆ, ಆರು ಹೋದವಂತೆ. ಮೂರು ತಿಂಗಳ ಬಸುರಿ ಅದನ್ನು ಊರೆಲ್ಲ ಸಾರಿಕೊಂಡು ಬರುತ್ತಾಳೆಯೇ? ಇದೂ ಹಾಗೆಯೇ.

ಸಂಜೆ ದೊತೋರಾ ಫೋನನ್ನು ನಮ್ಮ ಮುಂದಿಟ್ಟು ಧ್ವನಿ ಹಿಡಿಯಲು ಕೂತಳು.

"ನಿಮ್ಮ ಜಾಗದಲ್ಲಿ ಎಳೇ ಕಸ್ತಾನ್ಯ ಎಷ್ಟಿವೆ?"

"ಇಲ್ಲ, ದೊತೋರಾ."

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಹತ್ತು ವರ್ಷದಲ್ಲಿ ಒಂದಾದ್ರೂ ಹೊಸದು ಹುಟ್ಟಿದ್ದು ನೋಡಿದೀರಾ?"

"ದೇವ್ರಾಣೆ ನೋಡಿಲ್ಲ."

ದೆಓದಾತು ಹಿಂದಿನಿಂದ ತನ್ನ ಪಾಲನ್ನೂ ಸೇರಿಸಿದ: "ಇದ್ದಿದ್ರೆ ಹೇಳ್ತಿರ್ಲಿಲ್ವಾ, ದೊತೋರಾ?"

ಅವಳ ಮುಖ ಸಣ್ಣದಾಯಿತು. ನಮಗೆ ಸಮಾಧಾನವಾಯಿತು. ಪಕ್ಕದ ಮನೆಯ ಕ್ಲೆನಿಲ್ದಾ, ನನ್ನ ಮಗಳಿಗೆ ಜ್ಞಾನಸ್ನಾನದ ತಾಯಿ, ನನ್ನ ಕೋಮಾದ್ರೆ, ಅವಳೂ ಇಲ್ಲ ಅಂದಳು. ಏಳೂ ಮನೆಯವರು ಇಲ್ಲ ಅಂದರು. ಇಷ್ಟು ಒಗ್ಗಟ್ಟನ್ನು ನಾವು ಯಾವ ಚುನಾವಣೆಯಲ್ಲೂ ತೋರಿಸಿರಲಿಲ್ಲ.

ಮರುವರ್ಷ ನವೆಂಬರಿನಲ್ಲಿ, ಕಾಯಿ ಬೀಳುವುದಕ್ಕೆ ಸ್ವಲ್ಪ ಮುಂಚೆ, ಶಾಲೆಯ ಚಪ್ಪರದಲ್ಲಿ ಸಭೆ ಕರೆದರು. ಎಲ್ಲರಿಗೂ 'ಕಾಡಿನ ಕಾವಲುಗಾರ' ಎಂದು ಬರೆದ ಅಂಗಿ ಕೊಟ್ಟರು, ಒಂದೊಂದು ಪೊಟ್ಟಣ ತಿಂಡಿ ಕೊಟ್ಟರು. ಪೊಟ್ಟಣದಲ್ಲಿ ಚಾಕೊಲೇಟು ಮೆತ್ತಿದ ಕಸ್ತಾನ್ಯ. ನಗರದಿಂದ ಬಂದದ್ದು. ಚೆನ್ನಾಗಿತ್ತು. ನಮ್ಮ ಮಕ್ಕಳು ಇದು ಯಾವ ಕಾಯಿ ಅಂತ ಕೇಳಿದವು.

ದೊತೋರಾ ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದಳು. ಮುದಿ ಮರಗಳ ಕಂಬ ಎತ್ತರ. ನಡುವಯಸ್ಸಿನದು ಗಿಡ್ಡ. ಎಳೆಯ ಮರಗಳ ಜಾಗದಲ್ಲಿ ಸೊನ್ನೆ.

"ಇದು ಅಜ್ಜಿಯರಷ್ಟೇ ಇರೋ ಊರು," ಅಂದಳು. ಆ ಸೊನ್ನೆಯ ಮೇಲೆ ಬೆರಳಿಟ್ಟಳು. "ಬೀಜ ಎಲ್ಲ ಆರಿಸಿದ್ರೆ ಹುಟ್ಟೋದು ಏನು? ನೀವೆಲ್ಲ ಹೆತ್ತವರು. ನಾನು ಬಿಡಿಸಿ ಹೇಳ್ಬೇಕಾ?"

ಆಮೇಲೆ ಫೋನು ಒತ್ತಿದಳು. ಚಪ್ಪರದ ತುಂಬ ನನ್ನ ಧ್ವನಿ ಹರಡಿತು. ಒಂದೂ ಇಲ್ಲ. ದೇವ್ರಾಣೆ ನೋಡಿಲ್ಲ. ಜನ ತಲೆ ತಗ್ಗಿಸಿದರು. ನನ್ನ ಸುಳ್ಳು ಅಷ್ಟು ಗಟ್ಟಿಯಾಗಿ ಕೇಳಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಫಾಬ್ರೀಸಿಯು ತೀರ್ಮಾನ ಓದಿದ. ಐದು ವರ್ಷ ಬೋಂ ಫುತೂರಿನಲ್ಲಿ ಯಾರೂ ಕಸ್ತಾನ್ಯ ಆರಿಸುವಂತಿಲ್ಲ. ಮರಗಳಿಗೆ ವಿಶ್ರಾಂತಿ. ಯೋಜನೆಯೇ ಸಸಿ ತಂದು ನೆಡುತ್ತದೆ. ನೆಡಲು ಖಾಲಿ ಜಾಗ ಬೇಕು, ಆದ್ದರಿಂದ ಹಳೇ ಹೊಲಗಳನ್ನೆಲ್ಲ ಸವರಿ ಚೊಕ್ಕ ಮಾಡಲಾಗುವುದು. ಸವರುವ ಕೂಲಿ ನಮಗೇ. ಮೊದಲ ಸರದಿ ಎರೊಂದಿನಾಳ ಬೀಳು. ಈ ಗೌರವಕ್ಕೆ ಚಪ್ಪಾಳೆ ಬಿತ್ತು.

ಐದು ವರ್ಷ! ಮರ ಅಷ್ಟು ದಿನ ಮಲಗಬಹುದು. ಹೊಟ್ಟೆ ಎಲ್ಲಿ ಮಲಗುತ್ತದೆ? ಕಸ್ತಾನ್ಯ ಇಲ್ಲವೆಂದರೆ ಉಪ್ಪಿಲ್ಲ, ಸೋಪಿಲ್ಲ, ದೋಣಿಗೆ ಎಣ್ಣೆಯಿಲ್ಲ. ಕಾಡಂಚಿನಲ್ಲಿ ಹುಲ್ಲುಗಾವಲು ಇಟ್ಟುಕೊಂಡಿರುವ ದನದ ಸಾಹುಕಾರನ ಬಾಗಿಲಿಗೆ ಹೋಗಬೇಕು. ಕಾಡು ಕಡಿದು ಹುಲ್ಲು ಹಾಕಿದವನು ಅವನೇ. ಕಸ್ತಾನ್ಯ ಕಡಿಯುವುದು ಕಾನೂನಿನಲ್ಲಿ ಅಪರಾಧವಾದ್ದರಿಂದ ಹನ್ನೆರಡು ಮರಗಳನ್ನು ಹುಲ್ಲಿನ ನಡುವೆ ನಿಲ್ಲಿಸಿಕೊಂಡಿದ್ದಾನೆ. ಅಲ್ಲಿ ದುಂಬಿ ಬರುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಅವು ನಿಂತಲ್ಲೇ ಒಣಗುತ್ತಿವೆ. ಮರ ಉಳಿಸಿದ್ದಕ್ಕೆ ಅವನಿಗೆ ಪ್ರಶಸ್ತಿಪತ್ರ ಸಿಕ್ಕಿದೆ, ಚೌಕಟ್ಟು ಹಾಕಿಸಿದ್ದಾನೆ.

ನಾನು ಎದ್ದು ನಿಂತೆ. "ದೊತೋರಾ, ಎಳೇವು ಇದಾವೆ."

ಕ್ಲೆನಿಲ್ದಾ ನನ್ನ ಲಂಗ ಹಿಡಿದು ಎಳೆದಳು. "ಬಾಯ್ಮುಚ್ಚು, ಕೋಮಾದ್ರೆ."

ಫಾಬ್ರೀಸಿಯು ನಕ್ಕ. "ನಿನ್ನೇವರೆಗೂ ಇರ್ಲಿಲ್ಲ. ಆರಿಸ್ಬೇಡಿ ಅಂದ ತಕ್ಷಣ ಹುಟ್ಕೊಂಡ್ವಾ, ದೋನಾ?"

"ಬೀಳಲ್ಲಿದಾವೆ. ಬಂದು ನೋಡಿ."

"ಬೀಳು ಲೆಕ್ಕಕ್ಕಿಲ್ಲ ಅಂತ ನಿಮ್ಗೆ ಆಗ್ಲೇ ಹೇಳಿದಾರೆ. ಮುಂದಿನ ಎಣಿಕೆ ಐದು ವರ್ಷಕ್ಕೆ. ಆವಾಗ ಹೇಳಿ."

ದೊತೋರಾ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಕೋಪ ಇರಲಿಲ್ಲ, ಮರುಕ ಇತ್ತು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಡವಿ ಹೊಟ್ಟೆಪಾಡಿಗೆ ಸುಳ್ಳು ಹೇಳುತ್ತಿದ್ದಾಳೆ ಅಂತ ಅವಳು ನಂಬಿದ್ದಳು. ಸುಳ್ಳು ಹೇಳಿದಾಗ ನಂಬಿದವಳು ನಿಜ ಹೇಳಿದಾಗ ಮರುಗಿದಳು. ಅವತ್ತು ಮನೆಗೆ ಬಂದು ಆ ಅಂಗಿಯಲ್ಲಿ ಒಲೆ ಒರೆಸಿದೆ.

ವಾರದ ಮೇಲೆ ಬೆಳಿಗ್ಗೆ ಅವರು ಬಂದರು. ಮುನ್ನೂರು ಸಸಿ, ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ. ಗೇಣುದ್ದದ ಸಸಿ, ಒಂದೊಂದಕ್ಕೂ ಕೊರಳಪಟ್ಟಿ, ಪಟ್ಟಿಯಲ್ಲಿ ಲ್ಯಾಟಿನ್ ಹೆಸರು. ದೋಣಿಯಿಂದ ಅವನ್ನು ಹೊತ್ತು ತಂದವಳು ನಾನೇ, ಎಂಟು ಸಲ. ನಗರದಿಂದ ಪೊದೆ ಸವರುವ ಯಂತ್ರ, ಅದನ್ನು ಹಿಡಿಯುವ ಆಳು. ಫೋಟೋ ತೆಗೆಸಿಕೊಳ್ಳಲು ದೊತೋರಾ ಕೂಡ ಬಂದಿದ್ದಳು.

ಫಾಬ್ರೀಸಿಯು ನನ್ನ ಬೀಳಿನ ಕಡೆ ಕೈ ಬೀಸಿದ. "ಇದೆಲ್ಲ ಕಳೆ. ಒಂದು ಕಡೆಯಿಂದ ಸವರ್ಕೊಂಡು ಬಾ."

ಯಂತ್ರ ಗುರ್ರೆಂದಿತು. ಮೊದಲ ಬೀಸಿಗೇ ಸೊಂಟದೆತ್ತರದ ಒಂದು ಉರುಳಿತು. ಎಲೆ ಉದ್ದ, ಅಂಚು ಅಲೆಅಲೆ. ಎರಡು ಸಲ ಸುಟ್ಟು ಎರಡು ಸಲ ಚಿಗುರಿದ್ದು. ಅದನ್ನು ಕಡಿದು ಆ ಜಾಗದಲ್ಲಿ ಅದನ್ನೇ ನೆಡುವುದು ಯೋಜನೆ.

ನಾನು ಓಡಿ ಯಂತ್ರದ ಮುಂದೆ ನಿಂತೆ. ಆಳು ಬೆಚ್ಚಿ ಅದನ್ನು ನಿಲ್ಲಿಸಿದ. ಪಕ್ಕದಲ್ಲೇ ನಿಂತಿದ್ದ ಎಳೆಯ ಮರದ ಮೇಲೆ ಕೈಯಿಟ್ಟೆ. ಐವತ್ತಮೂರು ವರ್ಷದಲ್ಲಿ ಆಡದ ಮಾತು ಬಾಯಿಂದ ಬಂತು.

"ಒಂದು."

ದೆಓದಾತು ಬಾಗಿಲಿನಿಂದ ಕೂಗಿದ. "ಮುದುಕಿ, ಬೇಡ! ತಲೆ ಕೆಟ್ಟಿದ್ಯಾ ನಿಂಗೆ?"

"ಎರಡು," ಅಂದೆ. ಮುಳ್ಳು ತಳ್ಳಿಕೊಂಡು ಒಳಗೆ ನುಗ್ಗಿದೆ. "ಮೂರು. ನಾಕು. ಇದರ ಹಿಂದೆ ಐದು. ಬಳ್ಳಿ ಸುತ್ತಿರೋದು ಆರು." ಗಟ್ಟಿಯಾಗಿ, ಇಡೀ ಕಾಡಿಗೆ ಕೇಳುವ ಹಾಗೆ. ಕೆನ್ನೆ ಕೊಯ್ದು ರಕ್ತ ಬಂತು. ಅಳುತ್ತಿದ್ದೆ. ನನ್ನ ಕೈಯಾರೆ ಒಬ್ಬೊಬ್ಬರನ್ನೇ ಹಿಡಿದುಕೊಡುತ್ತಿದ್ದ ಹಾಗಿತ್ತು. ನಲವತ್ತಮೂರಕ್ಕೆ ನಿಂತೆ. ಉರುಳಿದ್ದು ಸೇರಿದರೆ ನಲವತ್ತನಾಲ್ಕು.

ಫಾಬ್ರೀಸಿಯು ಗಡಿಯಾರ ನೋಡಿದ. "ದೋನಾ, ಇಷ್ಟು ಸಣ್ಣದಕ್ಕೆ ಮರ ಅನ್ನಲ್ಲ. ಹತ್ತು ಸೆಂಟಿಮೀಟರ್ ದಪ್ಪ ಆಗೋವರೆಗೂ ಅದು ಕಳೆನೇ."

"ಹಂಗಾದ್ರೆ ನಿಮ್ ಚೀಲ್ದಲ್ಲಿರೋದು ಏನು? ಗೇಣುದ್ದದ ಮುನ್ನೂರು ಕಳೆನಾ ನಾನು ಹೊತ್ಕೊಂಡು ಬಂದಿದ್ದು?"

ದೊತೋರಾ ಮೊಣಕಾಲೂರಿ ಉರುಳಿದ ಸಸಿಯನ್ನು ಎತ್ತಿಕೊಂಡಳು. ಎಲೆ ತಿರುಗಿಸಿದಳು, ಬುಡ ನೋಡಿದಳು. ಆಮೇಲೆ ಒಂದೊಂದರ ಹತ್ತಿರವೂ ಹೋದಳು. ತಿರುಗಿ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಯಾಕೆ ಇಲ್ಲ ಅಂದ್ರಿ?" ಅಂತ ಕೇಳಿದಳು.

ಹೇಳಿದೆ. ಸಿಡಿಲಿನ ಮಾತನ್ನೂ ಹೇಳಿದೆ. ಅವಳು ನಗಲಿಲ್ಲ. ಯಂತ್ರವನ್ನು ವಾಪಸು ಕಳಿಸಿದಳು. ಏಳೂ ಮನೆಯ ಬೀಳುಗಳನ್ನು ಎಣಿಸಿದಳು. ಕ್ಲೆನಿಲ್ದಾ ಕಣ್ಣು ಮುಚ್ಚಿಕೊಂಡು, ಶಿಲುಬೆ ಗುರುತು ಹಾಕಿಕೊಂಡು, ತನ್ನವನ್ನು ತೋರಿಸಿದಳು. ಎಲ್ಲ ಸೇರಿ ಮುನ್ನೂರ ಹದಿನೆಂಟು. "ಇದನ್ನ ಬರೀತೀನಿ, ದೋನಾ. ಎಲ್ಲರಿಗೂ ಗೊತ್ತಾಗ್ಬೇಕು," ಅಂದಳು. ನನ್ನ ಕೈ ಹಿಡಿದುಕೊಂಡಳು. ಒಳ್ಳೆಯ ಹುಡುಗಿ. ನಾನು ಅವಳಿಗೆ ಕಸ್ತಾನ್ಯದ ಹಾಲಿನ ಗಂಜಿ ಕುಡಿಸಿ ಕಳಿಸಿದೆ. ಅವಳು ಹೋದ ಮೇಲೆ ನಲವತ್ತು ದಿನ ನಾವು ಗೆದ್ದವರ ಹಾಗೆ ನಡೆದಾಡಿದೆವು. ಬುಟ್ಟಿಗೆ ಹೊಸ ಪಟ್ಟಿ ಹಾಕಿಸಿದೆ.

ಅವಳು ಬರೆದಳು. ಮೊಹರು ಹಾಕುವವರು ಅದನ್ನು ಓದಿದರು. ಅದಕ್ಕೇ ಈ ಕಾಗದ ಬಂತು.

ಫಾಬ್ರೀಸಿಯು ಜನವರಿಯಲ್ಲಿ ತಾನೇ ತಂದು ಶಾಲೆಯ ಮುಂದೆ ಓದಿದ. ಹಿರಿಯ ಮರಗಳ ಕಾಡಿನಲ್ಲಿ ಎಳೆಯವು ಸಿಕ್ಕಿಲ್ಲವಾದ್ದರಿಂದ, ನಿವಾಸಿಗಳು ಬೀಜ ತಿಂದು ಕಾಡಿನ ಮುಂದಿನ ಪೀಳಿಗೆಯನ್ನು ಮುಗಿಸಿದ್ದಾರೆ ಎಂಬ ತೀರ್ಮಾನ ಹಾಗೆಯೇ ಇರುತ್ತದೆ, ಐದು ವರ್ಷದ ನಿಷೇಧವೂ ಇರುತ್ತದೆ. ಬೀಳುಗಳಲ್ಲಿ ಅಮೂಲ್ಯ ಸಸಿಗಳು ಸಿಕ್ಕಿರುವುದರಿಂದ ಬೀಳುಗಳನ್ನು ರಕ್ಷಿತ ಕಾಡೆಂದು ಘೋಷಿಸಲಾಗಿದೆ. ನಿವಾಸಿಗಳು ಇನ್ನು ಮುಂದೆ ಮಚ್ಚು ಹಿಡಿದು ಅಲ್ಲಿಗೆ ಕಾಲಿಡುವಂತಿಲ್ಲ. ಎಣಿಸುವಾಗ ಅದು ಹೊಲ, ಬೇಲಿ ಹಾಕುವಾಗ ಅದು ಕಾಡು.

"ದೊತೋರಾ ಎಲ್ಲಿ?" ಅಂದೆ.

"ಅವರನ್ನ ಬೇರೆ ಕಡೆ ಹಾಕಿದಾರೆ. ಪಾಪ, ತುಂಬ ಬೇಜಾರು ಮಾಡ್ಕೊಂಡ್ರು."

"ಬಳ್ಳಿ ಕಡೀದಿದ್ರೆ ಅವು ಉಸಿರುಕಟ್ಟಿ ಸಾಯ್ತವಲ್ಲ, ಸೇವು ಫಾಬ್ರೀಸಿಯು? ಅವು ಬದುಕಿರೋದೇ ನಮ್ ಮಚ್ಚಿಂದ."

"ಪ್ರಕೃತಿ ತನ್ನನ್ನ ತಾನೇ ನೋಡ್ಕೊಳತ್ತೆ, ದೋನಾ." ಅಂದು ನನ್ನ ಬೀಳಿನ ಸುತ್ತ ಕೆಂಪು ಪಟ್ಟಿ ಕಟ್ಟಿಸಿದ. ಪಟ್ಟಿಯ ಆಚೆ ನನ್ನ ಹಿತ್ತಲಿನ ಕೋಳಿ ಹೋಗಬಹುದು. ನಾನು ಹೋಗುವಂತಿಲ್ಲ.

ಹದಿನೈದು ದಿನ ನೋಡಿದೆ. ಮಳೆಗಾಲದ ಬಳ್ಳಿ ನೋಡನೋಡುತ್ತ ಏರುತ್ತದೆ. ಒಂಬತ್ತನೆಯದರ ತಲೆ ಕಾಣದಾಯಿತು. ಹದಿನಾಲ್ಕನೆಯದು ಬಾಗಿ ನೆಲ ಹಿಡಿಯಿತು. ಎಣಿಸದೆ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಈಗ ಒಂದೊಂದಕ್ಕೂ ಲೆಕ್ಕವಿದೆ, ಒಂದೊಂದರ ಸಾವೂ ಗೊತ್ತಾಗುತ್ತದೆ.

ಹದಿನಾರನೆಯ ದಿನ ಮಚ್ಚು ಮಸೆದೆ. ದೆಓದಾತು ನೋಡುತ್ತ ಕೂತಿದ್ದ.

"ಹಿಡಿದು ಹಾಕ್ತಾರೆ ಕಣೇ," ಅಂದ.

"ಹಾಕ್ಲಿ. ಒಳಗೆ ಕೂತ್ರೆ ಊಟನಾದ್ರೂ ಅವರೇ ಹಾಕ್ತಾರೆ."

ಅವನು ಎದ್ದು, ಎಡಗೈಯಲ್ಲಿ ತನ್ನ ಮಚ್ಚು ತೆಗೆದುಕೊಂಡ. ಭುಜ ಮುರಿದ ಮೇಲೆ ಅವನು ಅದನ್ನು ಮುಟ್ಟಿರಲಿಲ್ಲ.

ಕೆಂಪು ಪಟ್ಟಿಯನ್ನು ಒಂದೇ ಏಟಿಗೆ ಕಡಿದೆ. ಫಾಬ್ರೀಸಿಯು ಶಾಲೆಯಲ್ಲೇ ಬಿಡಾರ ಮಾಡಿದ್ದ, ಓಡಿ ಬಂದ. ಅಂಗೈಯಲ್ಲಿ ಫೋನು, ಕಂಕುಳಲ್ಲಿ ಪುಸ್ತಕ.

"ಇದು ಅಪರಾಧ, ದೋನಾ ಎರೊಂದಿನಾ! ನಾನು ಬರ್ಕೊಬೇಕಾಗತ್ತೆ."

"ಬರ್ಕೊ."

"ನೀವು" ಹೋಗಿ ನನ್ನ ಬಾಯಲ್ಲಿ "ನೀನು" ಬಂದಿತ್ತು. ಅವನು ಗಮನಿಸಿದ, ನುಂಗಿಕೊಂಡ.

"ಕಸುಬು?"

"ಕಸ್ತಾನ್ಯ ಸಾಕೋದು. ಹಂಗೇ ಬರಿ. ಕಾಡು ತಿನ್ನೋಳು ಅಂತ ಬರ್ದಿದ್ದು ನಿಮ್ ಹತ್ರ ಒಂದಿದ್ಯಲ್ಲ, ಇದನ್ನ ಅದರ ಕೆಳಗೆ ಅಂಟ್ಸು."

ಅವನು ಬರೆಯುತ್ತಿರುವಾಗ ಕ್ಲೆನಿಲ್ದಾ ಬಂದಳು. ಅವಳ ಕೈಯಲ್ಲಿ ಮಚ್ಚು. ಅವಳ ಹಿಂದೆ ಅವಳ ಗಂಡ, ಅತ್ತೆ. ಆಚೆ ದಿಬ್ಬದ ಮನೆಯವರು, ಹೊಳೆದಂಡೆಯ ಮನೆಯವರು. ಯಾರೂ ಕೂಗಲಿಲ್ಲ. ಒಬ್ಬೊಬ್ಬರೂ ಬಂದು ಹೆಸರು ಹೇಳಿ ಬರೆಸಿಕೊಳ್ಳಲು ಅವನ ಮುಂದೆ ಸಾಲಾಗಿ ನಿಂತರು, ಅಂಗಿ ಹಂಚಿದ ದಿನ ನಿಂತ ಹಾಗೇ. ಒಟ್ಟು ಹತ್ತೊಂಬತ್ತು ಜನ. ಒಬ್ಬರಿಗೊಂದರಂತೆ ತುಂಬುವ ಅಪರಾಧದ ಅಚ್ಚಿನ ಹಾಳೆ ಅವನ ಪುಸ್ತಕದಲ್ಲಿ ಉಳಿದಿದ್ದದ್ದು ಮೂರು.

ಅವನು ಹಾಳೆ ತಿರುವಿದ, ಮತ್ತೆ ತಿರುವಿದ. ಬೆವರು ಒರೆಸಿಕೊಂಡ.

"ಸ್ವಲ್ಪ ಇರಿ," ಅಂದ. "ದಯವಿಟ್ಟು ಯಾರೂ ಶುರು ಮಾಡ್ಬೇಡಿ. ಊರಿಗೆ ಹೋಗಿ ಹಾಳೆ ತರ್ತೀನಿ. ಎರಡು ದಿನ."

ಅವನು ದೋಣಿಯ ಕಡೆ ಹೊರಟ. ನಾವು ಬಳ್ಳಿ ಕಡಿಯಲು ಒಳಗೆ ಹೋದೆವು.